ಯಾರಿಂದ ಬಂತು?

ನಮ್ಮ ಕಡೆ ಹುಡುಗರ ಕೈಮೇಲೆ ನರುಳಿ ಎದ್ದರೆ ಅದು ಓಣಿಗೆಲ್ಲ ಗೊತ್ತಾಗುವ ಸುದ್ದಿ. ಒಬ್ಬರು ಸುಣ್ಣ ಹಚ್ಚು ಅನ್ನುತ್ತಾರೆ, ಇನ್ನೊಬ್ಬರು ಕುದುರೆ ಬಾಲದ ಕೂದಲು ಬಿಗಿದು ಕಟ್ಟು ಅನ್ನುತ್ತಾರೆ, ಮತ್ತೊಬ್ಬರು ಗೇರೆಣ್ಣೆಯ ಹೆಸರು ಹೇಳಿ ಹೆದರಿಸುತ್ತಾರೆ. ಅಜ್ಜಿ ಯಾವುದೋ ದೇವರಿಗೆ ಉಪ್ಪು ಬೆಲ್ಲದ ಹರಕೆ ಹೊತ್ತಿರುತ್ತಾಳೆ. ವರ್ಷವೋ ಎರಡು ವರ್ಷವೋ ಕಳೆದ ಮೇಲೆ ನರುಳಿ ತಾನಾಗಿ ಉದುರಿಹೋಗುತ್ತದೆ, ಸುಣ್ಣ, ಕೂದಲು, ದೇವರು ಮೂವರೂ ಕೀರ್ತಿ ಹಂಚಿಕೊಳ್ಳುತ್ತಾರೆ. ಇಷ್ಟೆಲ್ಲ ನಡೆಯುವಾಗ ಯಾರೂ ಆ ಹುಡುಗನನ್ನು ನಿಲ್ಲಿಸಿ, ಇದು ಯಾರಿಂದ ಬಂತು ಎಂದು ಕೇಳುವುದಿಲ್ಲ. ಬಂತು, ಅಷ್ಟೇ.

ಈ ನರುಳಿಯನ್ನು ತರುವುದು ಹ್ಯೂಮನ್ ಪ್ಯಾಪಿಲೋಮಾ ವೈರಸ್. ವೈದ್ಯರು ಚುಟುಕಾಗಿ ಎಚ್‌ಪಿವಿ ಅನ್ನುತ್ತಾರೆ. ಅದು ಒಂದಲ್ಲ, 200ಕ್ಕೂ ಹೆಚ್ಚು ಬಗೆಗಳಿರುವ ದೊಡ್ಡ ಮನೆತನ. ಕೆಲವು ಬಗೆಗಳಿಗೆ ಅಂಗೈ, ಅಂಗಾಲಿನ ಚರ್ಮವೇ ಬೇಕು. ಕೆಲವಕ್ಕೆ ಬಾಯಿ, ಗಂಟಲು, ಜನನಾಂಗಗಳ ಒದ್ದೆ ಪೊರೆ ಬೇಕು. 6 ಮತ್ತು 11 ಎಂಬ ಸಂಖ್ಯೆಯವು ಜನನಾಂಗದ ಮೇಲೆ ಗಂಟುಗಳನ್ನೆಬ್ಬಿಸುತ್ತವೆ, ಪ್ರಾಣಕ್ಕೆ ತೊಂದರೆ ಮಾಡುವುದಿಲ್ಲ. 16 ಮತ್ತು 18 ಹಾಗಲ್ಲ. ಜಗತ್ತಿನಲ್ಲಿ ಗರ್ಭಕಂಠದ ಕ್ಯಾನ್ಸರ್ ಆದ ನೂರು ಹೆಂಗಸರಲ್ಲಿ ಸುಮಾರು 70 ಮಂದಿಗೆ ಅದನ್ನು ತಂದಿಟ್ಟವು ಇವೆರಡೇ. ಗಂಟಲಿನ, ಗುದದ, ಶಿಶ್ನದ ಕೆಲವು ಕ್ಯಾನ್ಸರ್‌ಗಳ ಹಿಂದೆಯೂ ಇದೇ ಮನೆತನವಿದೆ.

ಅಂದರೆ ಬೆರಳಿನ ಮೇಲೆ ಕೂತ ಅಣ್ಣನಿಗೆ ನಾವು ಹರಕೆ ಹೊರುತ್ತೇವೆ, ಒಳಗೆ ಕೂತ ತಮ್ಮನ ಹೆಸರೆತ್ತಿದರೆ ಬಾಗಿಲು ಮುಚ್ಚುತ್ತೇವೆ. ವೈರಸ್ ಎರಡೂ ಕಡೆ ಮಾಡುವುದು ಒಂದೇ ಕೆಲಸ, ಚರ್ಮದ ಸಣ್ಣ ಗೀರಿನಲ್ಲಿ ನುಸುಳಿ ಬುಡದ ಕೋಶಗಳಲ್ಲಿ ಮನೆ ಮಾಡುವುದು. ನಾಚಿಕೆ ವೈರಸ್ಸಿನಲ್ಲಿಲ್ಲ, ಜಾಗದಲ್ಲಿದೆ. ಆ ಜಾಗಕ್ಕೆ ನಾವು ಮೊದಲೇ ಬರೆದಿಟ್ಟ ಕಾನೂನಿನಲ್ಲಿದೆ.

ಈ ಕಾನೂನಿನ ಬಗ್ಗೆ ಯೋಚಿಸುವಂತಾಗಿದ್ದು ಬ್ಯಾಡಗಿಯ ನನ್ನ ಚಿಗವ್ವನಿಂದ. ನಾನು ಇರುವುದು ಹಾವೇರಿಯಲ್ಲಿ, ಕಾಲೇಜಿನಲ್ಲಿ ಪಾಠ ಹೇಳುವುದು ರಾಣೆಬೆನ್ನೂರಿನಲ್ಲಿ, ತವರು ಬ್ಯಾಡಗಿ. ಮೂರೂ ಊರು ಒಂದೇ ರೈಲುದಾರಿಯ ಮೇಲಿವೆ, ಬ್ಯಾಡಗಿ ನಡುವೆ. ಜನವರಿಯಿಂದ ಏಪ್ರಿಲ್‌ವರೆಗೆ ಆ ನಿಲ್ದಾಣದಲ್ಲಿ ಇಳಿದವರಿಗೆ ಮೊದಲು ಬರುವುದು ಸೀನು. ಊರ ತುಂಬ ಮೆಣಸಿನಕಾಯಿ. ಖಾರಕ್ಕಿಂತ ಬಣ್ಣಕ್ಕೆ ಹೆಸರಾದ ಕಾಯಿ ಅದು, 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅದರಿಂದ ತೆಗೆದ ಕೆಂಪು ಎಲ್ಲೆಲ್ಲಿಯದೋ ತುಟಿಗಳಿಗೆ, ಉಗುರುಗಳಿಗೆ ಹೋಗುತ್ತದೆ. ಆ ಕಾಯಿಯ ತೊಟ್ಟು ಮುರಿಯುವವರು ಹೆಂಗಸರು. ಬೆಳಿಗ್ಗೆಯಿಂದ ಸಂಜೆವರೆಗೆ ಮುಖಕ್ಕೆ ಸೆರಗು ಬಿಗಿದುಕೊಂಡು, ಕಾಲು ಚಾಚಿ ಕೂತು, ತೂಕದ ಲೆಕ್ಕದ ಕೂಲಿಗೆ ತೊಟ್ಟು ಮುರಿಯುತ್ತಾರೆ. ಚಿಗವ್ವ ಮೂವತ್ತು ವರ್ಷ ಆ ಕೆಲಸ ಮಾಡಿದಳು.

ಮುಟ್ಟು ನಿಂತು ಎಷ್ಟೋ ವರ್ಷವಾದ ಮೇಲೆ ಅವಳಿಗೆ ಮತ್ತೆ ರಕ್ತ ಕಾಣಿಸಿಕೊಂಡಿತು. ಅದಕ್ಕೂ ಮುಂಚೆ ಬಹಳ ದಿನದಿಂದ ಬಿಳಿಸೆರಗು ಇತ್ತಂತೆ, ವಾಸನೆ ಇತ್ತಂತೆ. ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರ: “ಉಷ್ಣ ಆಗೈತಿ ಬಿಡ್ರಿ, ಮೆಣಸಿನಕಾಯಿ ಕೆಲಸ.” ಕೇಳಿದವರಾದರೂ ಎಷ್ಟು ಮಂದಿ? ಮಗಳು ಒಬ್ಬಳು, ಪಕ್ಕದಲ್ಲಿ ಕೂತು ತೊಟ್ಟು ಮುರಿಯುವ ಗೆಳತಿ ಒಬ್ಬಳು. ಉಷ್ಣ ಎಂಬ ಮಾತು ನಮ್ಮ ಹೆಂಗಸರಿಗೆ ಎಷ್ಟು ಉಪಕಾರಿ ಎಂದು ನನಗೆ ಆಮೇಲೆ ಹೊಳೆಯಿತು. ಅದರಲ್ಲಿ ಯಾರ ತಪ್ಪೂ ಇಲ್ಲ. ಬಿಸಿಲು, ಖಾರ, ಕೆಲಸ ಇವುಗಳದ್ದೇ ತಪ್ಪು. ಮಜ್ಜಿಗೆ ಕುಡಿದರೆ, ಎಳನೀರು ಕುಡಿದರೆ ಇಳಿಯುವಂಥದ್ದು. ಹೇಳಿಕೊಳ್ಳಬಹುದಾದ ಹೆಸರು ಅದೊಂದೇ ಇದ್ದುದರಿಂದ ಅವಳು ಅದನ್ನೇ ಹೇಳಿಕೊಂಡಳು, ಎರಡು ವರ್ಷ.

ಹುಬ್ಬಳ್ಳಿಗೆ ಕರೆದುಕೊಂಡು ಹೋದಾಗ ರೋಗ ಗರ್ಭಕಂಠ ದಾಟಿ ಪಕ್ಕಕ್ಕೆ ಹಬ್ಬಿತ್ತು. ಆಪರೇಷನ್ನಿನ ಮಾತು ಮುಗಿದಿತ್ತು. ವಾರಕ್ಕೆ ಐದು ದಿನದಂತೆ ಐದು ವಾರ ವಿಕಿರಣ ಚಿಕಿತ್ಸೆ, ಆಮೇಲೆ ಒಳಗಿನಿಂದ ಕೊಡುವ ವಿಕಿರಣ. ಚಿಗವ್ವ ಅದನ್ನು “ಕರೆಂಟ್ ಕೊಡೂದು” ಅನ್ನುತ್ತಿದ್ದಳು. ಕರೆಂಟ್ ಕೊಡಿಸಿಕೊಂಡು ಬಂದು ನೆಂಟರ ಮನೆಯ ಹಿಂದಿನ ಖೋಲಿಯಲ್ಲಿ ಮಲಗುತ್ತಿದ್ದಳು. ಅಲ್ಲಿಯವರೆಗೂ ಎಲ್ಲರೂ ಅವಳಿಗೆ ಒಳ್ಳೆಯವರೇ ಆಗಿದ್ದರು.

ಆಮೇಲೆ ಸಂಬಂಧಿಕರ ಹುಡುಗನೊಬ್ಬ ಮೊಬೈಲಿನಲ್ಲಿ ನೋಡಿ, ಇದು ವೈರಸ್ಸಿನಿಂದ ಬರುವ ಕ್ಯಾನ್ಸರ್, ಆ ವೈರಸ್ ದೈಹಿಕ ಸಂಬಂಧದಿಂದ ಬರುತ್ತದೆ ಎಂದು ಮನೆಯಲ್ಲಿ ಓದಿ ಹೇಳಿದ. ಅವನು ಓದಿದ್ದರಲ್ಲಿ ಸುಳ್ಳಿರಲಿಲ್ಲ. ಆ ದಿನದಿಂದ ಮನೆ ಎರಡು ಪಾರ್ಟಿಯಾಯಿತು. ಚಿಗವ್ವನ ತವರಿನವರಾದ ನಮ್ಮ ಕಡೆಯವರು ಸತ್ತುಹೋದ ಕಾಕಾನ ಲಾರಿಯ ದಿನಗಳನ್ನು ನೆನಪಿಸಿಕೊಂಡರು. ಮೆಣಸಿನ ಚೀಲ ಹೇರಿಕೊಂಡು ಮುಂಬೈಗೆ ಹೋಗುತ್ತಿದ್ದನಲ್ಲ, ತಿಂಗಳಾನುಗಟ್ಟಲೆ ಮನೆಗೆ ಬರುತ್ತಿರಲಿಲ್ಲವಲ್ಲ. ಕಾಕಾನ ಕಡೆಯವರು ಬೇರೆಯದನ್ನು ನೆನಪಿಸಿಕೊಂಡರು. ಗಂಡ ಊರಲ್ಲಿಲ್ಲದ ಆ ತಿಂಗಳುಗಳಲ್ಲಿ ಇವಳು ಎಲ್ಲಿದ್ದಳು? ಯಾರೂ ಜೋರಾಗಿ ಕೇಳಲಿಲ್ಲ. ಊಟಕ್ಕೆ ಬಡಿಸುವಾಗ, ಬಟ್ಟಲು ಬೇರೆ ಇಡುವಾಗ ಕೇಳಿದರು.

ನಾನು ವಾದಿಸಬೇಕೆಂದಿರುವುದು ಈ ಪ್ರಶ್ನೆಯ ಜೊತೆಗೇ. ಯಾರಿಂದ ಬಂತು?

ಮೊದಲನೆಯದಾಗಿ, ಅದಕ್ಕೆ ಉತ್ತರವಿಲ್ಲ. ಸಿಕ್ಕಿಲ್ಲ ಎಂದಲ್ಲ, ಸಿಗುವುದಿಲ್ಲ. ಈ ವೈರಸ್ ಎಷ್ಟು ಸಾಮಾನ್ಯವೆಂದರೆ ಲೈಂಗಿಕ ಬದುಕು ಆರಂಭಿಸಿದ ಹೆಚ್ಚೂಕಡಿಮೆ ಎಲ್ಲ ಗಂಡಸರೂ ಹೆಂಗಸರೂ ಒಂದಲ್ಲ ಒಂದು ಕಾಲಕ್ಕೆ ಅದಕ್ಕೆ ತಂಗುದಾಣವಾಗುತ್ತಾರೆ. ನೋವಿಲ್ಲ, ಜ್ವರವಿಲ್ಲ, ಗುರುತಿಲ್ಲ. ಬಹುತೇಕರ ಮೈ ಒಂದೆರಡು ವರ್ಷದಲ್ಲಿ ಅದನ್ನು ತಾನೇ ಹೊರದಬ್ಬುತ್ತದೆ. ಬಂದದ್ದೂ ಹೋದದ್ದೂ ಯಜಮಾನನಿಗೆ ತಿಳಿಯುವುದಿಲ್ಲ. ಕೆಲವರಲ್ಲಿ ಮಾತ್ರ ಅದು ಹೋಗದೆ ಉಳಿಯುತ್ತದೆ. ಉಳಿದದ್ದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಹಾಗಾದರೆ ಚಿಗವ್ವನ ರೋಗದ ಬೀಜ ಬಿದ್ದದ್ದು ಯಾವಾಗ? ಮದುವೆಯ ಮೊದಲ ವರ್ಷವೋ, ಹತ್ತನೇ ವರ್ಷವೋ? ಕಾಕಾನಿಗೆ ಅದು ಎಂದು ಬಂದಿತ್ತು, ಬಂದಿತ್ತೆಂದಾದರೂ ಯಾರಿಗೆ ಗೊತ್ತು? ಇಂಥ ದಿನ ಬಂತು ಎಂದು ಹೇಳುವ ಪರೀಕ್ಷೆ ಯಾವ ಪ್ರಯೋಗಾಲಯದಲ್ಲೂ ಇಲ್ಲ.

ಎರಡನೆಯದು ಇದಕ್ಕಿಂತ ಮುಖ್ಯ. ಯಾರಿಂದ ಬಂತು ಎಂದು ಕೇಳುವ ಹಕ್ಕು ನಿಜವಾಗಿ ಯಾರಿಗಾದರೂ ಇದ್ದರೆ ಅದು ವೈದ್ಯರಿಗೆ. ಕ್ಷಯವಾದಾಗ ಅವರು ಕೇಳುತ್ತಾರೆ, ಮನೆಯಲ್ಲಿ ಯಾರಿಗೆ ಕೆಮ್ಮಿದೆ ಎಂದು ಹುಡುಕಿಕೊಂಡು ಬರುತ್ತಾರೆ. ಸಿಫಿಲಿಸ್ ಆದಾಗ ಕೇಳುತ್ತಾರೆ. ಅಲ್ಲಿ ಉತ್ತರ ಸಿಕ್ಕರೆ ಇನ್ನೊಬ್ಬರಿಗೆ ಮಾತ್ರೆ ಕೊಟ್ಟು ಗುಣಪಡಿಸಬಹುದು. ಎಚ್‌ಪಿವಿಯ ವಿಷಯದಲ್ಲಿ ವೈದ್ಯಶಾಸ್ತ್ರ ಈ ಪ್ರಶ್ನೆಯನ್ನೇ ಕೈಬಿಟ್ಟಿದೆ. ವೈರಸ್ಸನ್ನು ಓಡಿಸುವ ಮಾತ್ರೆಯಿಲ್ಲ, ಮೂಲ ತಿಳಿದು ಮಾಡುವ ಕೆಲಸವೂ ಇಲ್ಲ. ಕೇಳಬೇಕಾದವರೇ ಕೇಳದ ಪ್ರಶ್ನೆಯನ್ನು ಕೇಳಬಾರದವರು ಕೇಳುತ್ತಿದ್ದಾರೆ ಎಂದಾದರೆ ಅದು ರೋಗದ ಬಗ್ಗೆ ಕೇಳಿದ ಪ್ರಶ್ನೆಯಲ್ಲ.

ಋಷಿಮೂಲ, ನದೀಮೂಲ ಹುಡುಕಬಾರದು ಎಂದು ನಮ್ಮಲ್ಲೊಂದು ಮಾತಿದೆ. ಹುಡುಕಿದರೆ ಋಷಿಯ ದೊಡ್ಡಸ್ತಿಕೆ ಕಡಿಮೆಯಾದೀತು ಎಂಬ ಭಯದಿಂದ ಹುಟ್ಟಿದ ಮಾತು ಅದು. ಆ ಗಾದೆಗೆ ಸ್ತ್ರೀಮೂಲವನ್ನೂ ಸೇರಿಸಿ ಹೇಳುವವರಿದ್ದಾರೆ, ಆದರೆ ನಡೆಸಿಕೊಂಡು ಬಂದವರನ್ನು ನಾನು ಕಂಡಿಲ್ಲ. ಬ್ಯಾಡಗಿ ತಾಲ್ಲೂಕಿನದೇ ಕಾಗಿನೆಲೆ. ಕುಲದ ಮೂಲ ಕೆದಕುವವರನ್ನು ಐನೂರು ವರ್ಷದ ಹಿಂದೆಯೇ ತಿರುಗಿ ಪ್ರಶ್ನಿಸಿದ ಕನಕದಾಸರ ನೆಲೆ. ಅಲ್ಲಿಂದ ಕೂಗಳತೆಯಲ್ಲಿ ನಮ್ಮ ಮನೆ. ಮೂಲ ಕೆದಕುವ ಚಟ ಮಾತ್ರ ಹೋಗಿಲ್ಲ, ಕುಲದಿಂದ ಗರ್ಭಕ್ಕೆ ಬಂದು ಕೂತಿದೆ.

ಇದರಲ್ಲಿ ವಿಜ್ಞಾನಕ್ಕೂ ಒಂದಿಷ್ಟು ಪಾಲಿದೆ, ಅದನ್ನು ಮುಚ್ಚಿಡಬಾರದು. 1842ರಲ್ಲಿ ಇಟಲಿಯ ರಿಗೋನಿ ಸ್ಟರ್ನ್ ಎಂಬ ವೈದ್ಯ ವೆರೋನಾ ನಗರದ ಸಾವಿನ ದಾಖಲೆಗಳನ್ನು ಕೂತು ಎಣಿಸಿದ. ಗರ್ಭಕೋಶದ ಕ್ಯಾನ್ಸರ್ ಮದುವೆಯಾದ ಹೆಂಗಸರಲ್ಲಿ ಹೆಚ್ಚು, ಮಠದ ಸನ್ಯಾಸಿನಿಯರಲ್ಲಿ ಬಲು ಕಡಿಮೆ ಎಂದು ಕಂಡುಕೊಂಡ. ಸರಿಯಾದ ಕಾಣ್ಕೆ. ಆದರೆ ಅಲ್ಲಿಂದ ಮುಂದೆ ನೂರಕ್ಕೂ ಹೆಚ್ಚು ವರ್ಷ ಕಾರಣ ಗೊತ್ತಿರಲಿಲ್ಲ, ಸನ್ಯಾಸಿನಿಯರ ಲೆಕ್ಕವೊಂದು ಗೊತ್ತಿತ್ತು. ಕಾರಣವಿಲ್ಲದ ಜಾಗದಲ್ಲಿ ನಡತೆ ಬಂದು ಕೂತಿತು. ಎಷ್ಟನೇ ವಯಸ್ಸಿಗೆ ಮದುವೆ, ಎಷ್ಟು ಮಂದಿ ಸಂಗಾತಿಗಳು ಎಂಬ ಎಣಿಕೆ ವೈದ್ಯಕೀಯ ಪುಸ್ತಕಗಳನ್ನು ತುಂಬಿತು. 1980ರ ದಶಕದ ಆರಂಭದಲ್ಲಿ ಜರ್ಮನಿಯ ಹರಾಲ್ಡ್ ಸುರ್ ಹೌಸೆನ್ ಮತ್ತು ಸಂಗಡಿಗರು ಗರ್ಭಕಂಠದ ಗಡ್ಡೆಗಳೊಳಗೆ 16 ಮತ್ತು 18ನೇ ಬಗೆಯ ವೈರಸ್ಸನ್ನು ಹಿಡಿದು ತೋರಿಸಿದರು, 2008ರಲ್ಲಿ ಅವರಿಗೆ ನೊಬೆಲ್ ಬಂತು. ಅಮೆರಿಕದಲ್ಲಿ 1951ರಲ್ಲಿ ಇದೇ ರೋಗದಿಂದ ತೀರಿಕೊಂಡ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಐದು ಮಕ್ಕಳ ತಾಯಿಯ ಕೋಶಗಳು, ಅವಳನ್ನು ಕೇಳದೆ ತೆಗೆದುಕೊಂಡವು, ಜಗತ್ತಿನ ಪ್ರಯೋಗಾಲಯಗಳಲ್ಲಿ ಇಂದಿಗೂ ಬದುಕಿವೆ. ಅವುಗಳಲ್ಲಿ ಇದ್ದದ್ದೂ 18ನೇ ಬಗೆಯೇ. ಅಂತೂ ಕಾರಣ ಸಿಕ್ಕಿತು. ಆದರೆ ಒಮ್ಮೆ ಬಂದು ಕೂತ ನಡತೆ ಎದ್ದು ಹೋಗಲಿಲ್ಲ.

ಇನ್ನು ನಮ್ಮದೇ ಗಾದೆ, ಮಾಡಿದ್ದುಣ್ಣೋ ಮಹಾರಾಯ. ಚಿಗವ್ವನನ್ನು ನೋಡಲು ಬಂದ ಹಿರಿಯರೊಬ್ಬರು ಅಂಗಳದಲ್ಲಿ ಇದನ್ನು ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ನಿಟ್ಟುಸಿರಿನ ಜೊತೆ ಬಾಯಿಗೆ ಬಂದದ್ದು. ಈ ಗಾದೆ ಯಾರಿಗೆ ಸಮಾಧಾನ ಕೊಡುತ್ತದೆ ಎಂದು ಯೋಚಿಸಿ ನೋಡಿ. ಮಲಗಿದವರಿಗಲ್ಲ. ನೋಡಲು ಬಂದವರಿಗೆ. ಅವಳು ಮಾಡಿದ್ದಾಳೆ, ನಾವು ಮಾಡಿಲ್ಲ, ಆದ್ದರಿಂದ ನಮಗೆ ಬರುವುದಿಲ್ಲ. ಎಚ್‌ಪಿವಿ ಈ ಲೆಕ್ಕವನ್ನು ನಿರ್ದಯವಾಗಿ ಹೊಡೆದುಹಾಕುತ್ತದೆ. ಒಂದೇ ಬದುಕು ಬದುಕಿದ ಇಬ್ಬರಲ್ಲಿ ಒಬ್ಬಳ ಮೈ ಅದನ್ನು ಎಂಟು ತಿಂಗಳಲ್ಲಿ ಹೊರಹಾಕುತ್ತದೆ, ಇನ್ನೊಬ್ಬಳ ಮೈಯಲ್ಲಿ ಅದು ಇಪ್ಪತ್ತು ವರ್ಷ ಕೂತು ಅವಳನ್ನು ಕೊಲ್ಲುತ್ತದೆ. ಮಾಡಿದ್ದು ಇಬ್ಬರೂ ಅದನ್ನೇ, ಉಂಡದ್ದು ಒಬ್ಬಳೇ. ಈ ನಡುವಿನ ಅಂತರಕ್ಕೆ ಅದೃಷ್ಟ ಎನ್ನುವುದಕ್ಕಿಂತ ಒಳ್ಳೆಯ ಹೆಸರು ನನಗೆ ಸಿಕ್ಕಿಲ್ಲ. ಅದೃಷ್ಟಕ್ಕೆ ಶಿಕ್ಷೆಯ ವೇಷ ಹಾಕುವುದನ್ನು ನಾನು ಒಪ್ಪಲಾರೆ.

ಇಲ್ಲಿಯವರೆಗೆ ಓದಿದವರಲ್ಲಿ ಹೆಚ್ಚಿನವರು ನನ್ನ ಜೊತೆಗಿದ್ದೀರಿ ಅಂದುಕೊಂಡಿದ್ದೇನೆ. ಮುಂದಿನದು ಸ್ವಲ್ಪ ಕಷ್ಟ. ನಮ್ಮ ಕಡೆಯವರು ಚಿಗವ್ವನ ಪರವಾಗಿ ಹೇಳುತ್ತಿದ್ದ ಮಾತು ಒಂದಿತ್ತು: “ಆಕಿ ಅಂಥಾಕಿ ಅಲ್ಲ.” ಪ್ರೀತಿಯಿಂದ ಹೇಳಿದ ಮಾತು, ನನ್ನ ಅವ್ವ ಕಣ್ಣೀರು ಹಾಕಿಕೊಂಡು ಹೇಳಿದ್ದಾಳೆ. ಆದರೆ ಆರೋಪಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಈ ಸಮರ್ಥನೆ. ಆಕೆ ಅಂಥವಳಲ್ಲ ಎಂದು ವಾದಿಸುವವರು ಕಟಕಟೆಯನ್ನೂ ನ್ಯಾಯಾಧೀಶನನ್ನೂ ಒಪ್ಪಿಕೊಂಡಾಯಿತು, ಸಾಕ್ಷಿ ಮಾತ್ರ ಸಾಲದು ಅನ್ನುತ್ತಿದ್ದಾರೆ. ಹಾಗಾದರೆ ‘ಅಂಥವಳು’ ಒಬ್ಬಳಿದ್ದರೆ? ಎರಡನೇ ಮದುವೆಯಾದವಳು, ಗಂಡ ಬಿಟ್ಟವಳು, ಯಾರನ್ನೋ ಪ್ರೀತಿಸಿ ಕಳೆದುಕೊಂಡವಳು, ಹೊಟ್ಟೆಪಾಡಿಗೆ ಮೈ ಮಾರಿದವಳು, ಸುಮ್ಮನೆ ಮನಸ್ಸಾಗಿ ಹೋದವಳು? ಅವಳ ಗರ್ಭಕಂಠದಲ್ಲಿ ಗಡ್ಡೆ ಬೆಳೆದರೆ ಅದು ಸರಿಯಾದ ತೀರ್ಪೇ? ಚಿಗವ್ವನನ್ನು ಬಿಡಿಸಿಕೊಳ್ಳಲು ನಾವು ಆ ಇನ್ನೊಬ್ಬಳನ್ನು ಒಳಗೆ ಹಾಕಿದೆವು. ಆ ಇನ್ನೊಬ್ಬಳು ಎಲ್ಲೋ ಇರುವವಳಲ್ಲ. ಇದೇ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ, ಇದೇ ಸಾಲಿನಲ್ಲಿ, ಚಿಗವ್ವನ ಪಕ್ಕದ ಬೆಂಚಿನ ಮೇಲೆ ಕೂತಿರುತ್ತಾಳೆ. ಅಥವಾ ಅಲ್ಲಿಗೆ ಬಂದೇ ಇರುವುದಿಲ್ಲ. ಬಂದರೆ ತೀರ್ಪಿಗೆ ತಾನೇ ಸಹಿ ಹಾಕಿದಂತೆ ಎಂದು ಅವಳಿಗೆ ಗೊತ್ತು.

2022ರ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲಿ 1,27,000ಕ್ಕೂ ಹೆಚ್ಚು ಹೆಂಗಸರಿಗೆ ಈ ಕ್ಯಾನ್ಸರ್ ಹೊಸದಾಗಿ ಕಂಡಿತು, ಸುಮಾರು 80,000 ಮಂದಿ ಸತ್ತರು ಎಂಬುದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜು. 15 ವರ್ಷ ಕಾಲಾವಕಾಶ ಕೊಡುವ, ಬರುವ ಮುಂಚೆಯೇ ಕಣ್ಣಿಗೆ ಕಾಣುವ ರೋಗಕ್ಕೆ ಇಷ್ಟು ಸಾವು. ಕಾಣುತ್ತದೆ ಎಂದೆನಲ್ಲ, ಅದಕ್ಕೆ ಬೇಕಾಗುವುದು ಹತ್ತಿ ಮತ್ತು ತಿಳಿ ಹುಳಿ ದ್ರಾವಣ. ಅಡುಗೆಮನೆಯ ವಿನೆಗರ್ ಇದೆಯಲ್ಲ, ಅದೇ ಅಸೆಟಿಕ್ ಆಮ್ಲವನ್ನು ಗರ್ಭಕಂಠಕ್ಕೆ ಹಚ್ಚಿ ಒಂದು ನಿಮಿಷ ಕಾದರೆ ಕೆಡುತ್ತಿರುವ ಜಾಗ ಬೆಳ್ಳಗಾಗುತ್ತದೆ. ತರಬೇತಿ ಪಡೆದ ನರ್ಸ್ ಬರಿಗಣ್ಣಲ್ಲಿ ನೋಡಬಹುದು, ಅಲ್ಲೇ ಸುಟ್ಟೋ ಹೆಪ್ಪುಗಟ್ಟಿಸಿಯೋ ತೆಗೆಯಬಹುದು. 30 ದಾಟಿದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಇದನ್ನು ಮಾಡಬೇಕೆಂದು ಸರ್ಕಾರದ ಕಾರ್ಯಕ್ರಮವೂ ಇದೆ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 30ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡವರು ಇಬ್ಬರೂ ಇಲ್ಲ.

ಹಾಗೆಂದು ನಮ್ಮ ಜಿಲ್ಲೆಯಲ್ಲಿ ಹೆಂಗಸರ ಗರ್ಭಕೋಶದ ಗೊಡವೆಗೆ ಯಾರೂ ಹೋಗಿಲ್ಲ ಎಂದೇನಲ್ಲ. ರಾಣೆಬೆನ್ನೂರಿನ ಹೆಸರು ಕೆಲವು ವರ್ಷ ಪತ್ರಿಕೆಗಳಲ್ಲಿ ಬಂದದ್ದು ಇದಕ್ಕೇ. ಕಳೆದ ದಶಕದಲ್ಲಿ ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಅಗತ್ಯವಿಲ್ಲದೆ ತಮ್ಮ ಗರ್ಭಕೋಶ ತೆಗೆಯಲಾಯಿತು ಎಂದು ನೂರಾರು ಮಹಿಳೆಯರು ದೂರಿದರು, ಪರಿಹಾರ ಕೇಳಿ ಬೀದಿಗಿಳಿದರು. ಅವರಲ್ಲಿ ಬಹಳಷ್ಟು ಮಂದಿ ತಾಂಡಾಗಳ ಲಂಬಾಣಿ ಹೆಂಗಸರು. 2015ರಲ್ಲಿ ಕಲಬುರಗಿಯ ಕಡೆಯಿಂದಲೂ ಇಂಥದೇ ಸುದ್ದಿ ಬಂದಿತ್ತು, ಅಲ್ಲಿ ಖಾಸಗಿ ಆಸ್ಪತ್ರೆಗಳು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಬಿಹಾರ, ಛತ್ತೀಸಗಢ, ರಾಜಸ್ಥಾನಗಳ ಪ್ರಕರಣದಲ್ಲಿ ತೀರ್ಪು ಕೊಟ್ಟು, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿ ಮಾಡಬೇಕೆಂದಿತು. ದೇಶದ ನಾನಾ ಕಡೆ ಇಂಥ ಪ್ರಕರಣಗಳಲ್ಲಿ ಹೆಂಗಸರು ತಮಗೆ ಹೇಳಿದ್ದೆಂದು ವರದಿ ಮಾಡಿದ ಮಾತು ಹೆಚ್ಚೂಕಡಿಮೆ ಒಂದೇ: ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ. ಬಂದದ್ದು ಬಿಳಿಸೆರಗು, ಹೊಟ್ಟೆನೋವು. ನೆಗಡಿ ಬಂತೆಂದು ಮೂಗು ಕೊಯ್ದರು.

ನನ್ನ ಮಟ್ಟಿಗೆ ಇದು ಚಿಗವ್ವನ ಕತೆಯ ಇನ್ನೊಂದು ಮುಖ. ಕ್ಯಾನ್ಸರ್ ಎಂಬ ಮಾತಿಗೆ ನಮ್ಮ ಕಡೆ ಒಂದು ಅಂಗವನ್ನೇ ಕಿತ್ತು ತೆಗೆಯುವಷ್ಟು ಬಲವಿದೆ, ಒಂದು ತುಂಡು ಹತ್ತಿಯನ್ನು ತರುವಷ್ಟು ಬಲವಿಲ್ಲ. ನಿಜವಾಗಿ ಅದು ಇದ್ದವಳು ಉಷ್ಣ ಎಂದುಕೊಂಡು ಮಜ್ಜಿಗೆ ಕುಡಿದಳು, ಇಲ್ಲದವರು ಅದರ ಹೆಸರಿಗೆ ಹೆದರಿ ಬೆರಳೊತ್ತಿದರು. ಇಬ್ಬರಿಗೂ ಯಾರೂ ಕೂರಿಸಿಕೊಂಡು ಬಿಡಿಸಿ ಹೇಳಲಿಲ್ಲ. ಮಾತನಾಡಲಾಗದ ಜಾಗದ ಮೇಲೆ ಯಾರು ಬೇಕಾದರೂ ಅಧಿಕಾರ ನಡೆಸಬಹುದು. ನಾಚಿಕೆ ಅಂದರೆ ಬರೀ ಮನಸ್ಸಿನ ಅಳುಕು ಎಂದುಕೊಂಡವರು ಆ ತಾಂಡಾಗಳಿಗೆ ಹೋಗಿ ಬರಬೇಕು.

ಕರ್ನಾಟಕದ ಗಡಿಗೆ ಹೊಂದಿದ ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯಲ್ಲಿ, ಈಗ ಅದು ಧಾರಾಶಿವ, ಈ ಶತಮಾನದ ಆರಂಭದಲ್ಲಿ 1,31,000ಕ್ಕೂ ಹೆಚ್ಚು ಹಳ್ಳಿ ಹೆಂಗಸರ ಮೇಲೆ ಒಂದು ದೊಡ್ಡ ಅಧ್ಯಯನ ನಡೆಯಿತು. ಬದುಕಿನಲ್ಲಿ ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿದರೂ ಸಾವು ಅರ್ಧದಷ್ಟು ಇಳಿಯುತ್ತದೆ ಎಂದು 2009ರಲ್ಲಿ ಅದರ ಫಲಿತಾಂಶ ಬಂತು. ಜಗತ್ತಿಗೇ ಉಪಕಾರವಾದ ಕೆಲಸ. ಆದರೆ ಹೋಲಿಕೆಗೆಂದು ಒಂದು ಗುಂಪಿನ ಹೆಂಗಸರನ್ನು ತಪಾಸಣೆಯಿಲ್ಲದೆ ಬಿಟ್ಟಿದ್ದರು, ಅವರಲ್ಲಿ ಸತ್ತವರನ್ನು ಎಣಿಸಿದ್ದರಿಂದಲೇ ಉಳಿದವರು ಬದುಕಿದ್ದು ಗೊತ್ತಾದದ್ದು. ಇದು ಸರಿಯೇ ಎಂಬ ಜಗಳ ಆಮೇಲೆ ಬಹಳ ದಿನ ನಡೆಯಿತು. ಅಧ್ಯಯನವಿಲ್ಲದಿದ್ದರೂ ಅವರಿಗೆ ಹೇಗೂ ಏನೂ ಸಿಗುತ್ತಿರಲಿಲ್ಲ ಎಂಬುದು ಸಮರ್ಥಕರ ಉತ್ತರ. ಆ ಉತ್ತರದಲ್ಲಿ ಸುಳ್ಳಿಲ್ಲ. ಹೇಗೂ ಏನೂ ಸಿಗುತ್ತಿರಲಿಲ್ಲ. ನನಗೆ ನಿದ್ದೆ ಕೆಡಿಸಿದ್ದು ಅಧ್ಯಯನವಲ್ಲ, ಈ ವಾಕ್ಯ.

ಲಸಿಕೆಯ ಕತೆಯಲ್ಲೂ ಇಂಥ ಒಂದು ಗಂಟಿದೆ. 2009ರಲ್ಲಿ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಸಾವಿರಾರು ಹುಡುಗಿಯರಿಗೆ ಈ ಲಸಿಕೆ ಹಾಕುವ ಯೋಜನೆ ಆರಂಭವಾಯಿತು. ಕೆಲವು ಹುಡುಗಿಯರು ಸತ್ತ ಸುದ್ದಿ ಬಂದು 2010ರ ಏಪ್ರಿಲ್‌ನಲ್ಲಿ ನಿಂತಿತು. ವಿಚಾರಣೆಯಲ್ಲಿ ಸಾವುಗಳಿಗೂ ಲಸಿಕೆಗೂ ಸಂಬಂಧ ಕಾಣಲಿಲ್ಲ. ಆದರೆ ಇನ್ನೊಂದು ಸಂಗತಿ ಕಂಡಿತು. ಹಾಸ್ಟೆಲ್ ಹುಡುಗಿಯರ ಒಪ್ಪಿಗೆ ಪತ್ರಗಳಿಗೆ ಅಪ್ಪ ಅವ್ವನ ಬದಲು ವಾರ್ಡನ್ನರು, ಮುಖ್ಯೋಪಾಧ್ಯಾಯರು ಸಹಿ ಹಾಕಿದ್ದರು. 2013ರಲ್ಲಿ ಸಂಸತ್ತಿನ ಸಮಿತಿ ಇದನ್ನು ಕಟುವಾಗಿ ಟೀಕಿಸಿತು. ಲಸಿಕೆ ಒಳ್ಳೆಯದು, ಆದ್ದರಿಂದ ಕೇಳದೆ ಹಾಕಿದರೇನು ಎನ್ನುವವರಿದ್ದಾರೆ. ಗರ್ಭಕೋಶ ತೆಗೆಯುವಾಗಲೂ ಕೇಳಲಿಲ್ಲ, ಒಳ್ಳೆಯದಕ್ಕೂ ಕೇಳಲಿಲ್ಲ ಎಂದಾದರೆ ಆ ತಾಯಿಗೆ ಎರಡರ ನಡುವಿನ ವ್ಯತ್ಯಾಸ ಗೊತ್ತಾಗುವುದು ಹೇಗೆ?

ಅದೇ ಸಮಯದಲ್ಲಿ ಬೇರೊಂದು ಅಧ್ಯಯನವೂ ಅರ್ಧಕ್ಕೆ ನಿಂತಿತು. ಎರಡೋ ಮೂರೋ ಡೋಸ್ ಸಿಗಬೇಕಿದ್ದ ಹುಡುಗಿಯರಲ್ಲಿ ಸಾವಿರಾರು ಮಂದಿಗೆ ಸಿಕ್ಕಿದ್ದು ಒಂದೇ. ಹತ್ತು ವರ್ಷ ಅವರನ್ನು ಹಿಂಬಾಲಿಸಿ ನೋಡಿದರೆ ಒಂದೇ ಡೋಸ್ ಹೆಚ್ಚೂಕಡಿಮೆ ಪೂರ್ತಿ ಡೋಸಿನಷ್ಟೇ ಕಾಪಾಡಿತ್ತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಡೋಸ್ ಸಾಕೆಂದು ಒಪ್ಪುವಾಗ ಮುಂದಿದ್ದ ಪುರಾವೆಗಳಲ್ಲಿ ಇದೂ ಒಂದು. ಯಾರೂ ಯೋಜಿಸದ, ಯಾರೂ ಬಯಸದ ಅಡಚಣೆಯಿಂದ ಜಗತ್ತಿನ ಬಡದೇಶಗಳ ಖರ್ಚು ಇಳಿಯಿತು. ಆ ಹುಡುಗಿಯರು ಈಗ ಇಪ್ಪತ್ತೈದು, ಮೂವತ್ತರ ಹೆಂಗಸರಾಗಿರುತ್ತಾರೆ. ಅವರಿಗೆ ನಾವೆಲ್ಲ ಸಾಲಗಾರರು.

ಈ ಲಸಿಕೆ 9ರಿಂದ 14ರ ವಯಸ್ಸಿಗೆ ಹೆಚ್ಚು ಫಲ ಕೊಡುತ್ತದೆ. ವೈರಸ್ ಬರುವ ಮುಂಚೆ ಹಾಕಬೇಕಲ್ಲ, ಅದಕ್ಕೆ. ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್‌ಗೆ 2022ರಲ್ಲಿ ಅನುಮತಿ ಸಿಕ್ಕ ಮೇಲೆ ನಮ್ಮದೇ ಲಸಿಕೆಯೂ ಇದೆ. ಪರಿಚಯದ ತಂದೆಯೊಬ್ಬರು ನನ್ನನ್ನು ಕೇಳಿದ್ದರು: “ಈ ವಯಸ್ಸಿನ್ಯಾಗ ಇದನ್ನ ಹಾಕಿಸಿದ್ರ ಮಗಳಿಗೆ ನಾವು ಏನ್ ಹೇಳಿದಂಗ ಆತ್ರಿ ಮೇಡಂ?” ನಗುವ ಪ್ರಶ್ನೆಯಲ್ಲ, ನಾನು ನಗಲಿಲ್ಲ. ಹೆಪಟೈಟಿಸ್ ಬಿ ಲಸಿಕೆ ನೆನಪಿಸಿದೆ. ಆ ವೈರಸ್ಸೂ ರಕ್ತದಿಂದ, ತಾಯಿಯಿಂದ ಬರುವಂತೆ ದೈಹಿಕ ಸಂಬಂಧದಿಂದಲೂ ಬರುತ್ತದೆ, ಅದೂ ಮುಂದೆ ಕ್ಯಾನ್ಸರ್ ತರುತ್ತದೆ, ಯಕೃತ್ತಿನದು. ಅದರ ಲಸಿಕೆಯನ್ನು ಹುಟ್ಟಿದ 24 ಗಂಟೆಯೊಳಗೆ ಹಾಕುತ್ತಾರೆ. ತೊಟ್ಟಿಲಲ್ಲಿ ಮಲಗಿದ ಕೂಸಿನ ನಡತೆಯ ಬಗ್ಗೆ ಇದು ಏನು ಹೇಳಿದಂತಾಯಿತು ಎಂದು ಯಾವ ಅಪ್ಪನೂ ಕೇಳಿದ್ದನ್ನು ನಾನು ಕೇಳಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಗಂಡುಮಕ್ಳಿಗೆ ಬ್ಯಾಡೇನ್ರಿ ಇದು?” ಅಂದರು. ಅವರು ಕೇಳಬೇಕಾದ ಪ್ರಶ್ನೆ ಅದೇ ಆಗಿತ್ತು. ಎಷ್ಟೋ ದೇಶಗಳಲ್ಲಿ ಹುಡುಗರಿಗೂ ಹಾಕುತ್ತಾರೆ. ಇರುವಷ್ಟು ಹಣದಲ್ಲಿ ಹುಡುಗಿಯರಿಗೆ ಮೊದಲು ಎಂಬ ಲೆಕ್ಕ ನನಗೆ ಅರ್ಥವಾಗುತ್ತದೆ. ಆದರೆ ಇಬ್ಬರೂ ಹೊತ್ತು ತಿರುಗುವ ವೈರಸ್ಸಿನ ಸೂಜಿಯನ್ನು ಒಬ್ಬಳ ತೋಳಿಗೆ ಮಾತ್ರ ಚುಚ್ಚಿದರೆ, ಇದು ಹೆಂಗಸರ ರೋಗ ಎಂಬ ಹಳೆಯ ಮಾತಿಗೆ ಹೊಸ ಮುದ್ರೆ ಬಿದ್ದಂತೆಯೂ ಆಗುತ್ತದೆ.

ಈಗ ತಪಾಸಣೆಯೇ ಎಚ್‌ಪಿವಿ ಪರೀಕ್ಷೆಯ ಕಡೆಗೆ ಹೊರಳುತ್ತಿದೆ. ಹಾಗಾದಾಗ ರೋಗವಿಲ್ಲದ, ವೈರಸ್ ಮಾತ್ರ ಇರುವ ಹೆಂಗಸರ ಕೈಗೆ ‘ಪಾಸಿಟಿವ್’ ಎಂಬ ಕಾಗದ ಬರುತ್ತದೆ. ಅವಳಿಗೆ ಇದು ಹೇಗೆ ಬರುತ್ತದೆ ಎಂದು ನರ್ಸ್ ಹೇಳಬೇಕೇ? ಹೇಳದಿದ್ದರೆ ಮನೆ ಉಳಿಯುತ್ತದೆ ಎಂದು ಚಿಗವ್ವನ ಮಗಳು ಈಗಲೂ ವಾದಿಸುತ್ತಾಳೆ, ಅವಳ ಮಾತನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ. ಅವಳು ಕಂಡದ್ದನ್ನು ನಾನು ಪೂರ್ತಿ ಕಂಡಿಲ್ಲ. ಆದರೂ ಮುಚ್ಚಿಡುವುದು ಮಾರ್ಗವಲ್ಲ ಎಂದೇ ನನ್ನ ಅನಿಸಿಕೆ. ಮೊಬೈಲ್ ಹಿಡಿದ ಹುಡುಗ ಪ್ರತಿ ಮನೆಯಲ್ಲೂ ಇದ್ದಾನೆ. ಅವನು ಓದಿದ್ದು ಅರ್ಧ ಸತ್ಯ, ಮನೆ ಒಡೆದದ್ದು ಆ ಅರ್ಧ. ದೈಹಿಕ ಸಂಬಂಧದಿಂದ ಬರುತ್ತದೆ ಎಂಬುದರ ಜೊತೆಗೇ, ಅದೇ ಉಸಿರಿನಲ್ಲಿ, ಹೆಚ್ಚೂಕಡಿಮೆ ಎಲ್ಲರಿಗೂ ಬರುತ್ತದೆ, ಯಾವಾಗ ಬಂತೆಂದು ಬ್ರಹ್ಮನಿಗೂ ತಿಳಿಯದು, ಹೆಚ್ಚಿನವರಲ್ಲಿ ಹೊರಟುಹೋಗುತ್ತದೆ ಎಂಬುದನ್ನೂ ಹೇಳಬೇಕು. ಹೇಳುವವರಿಗೆ ಹತ್ತು ನಿಮಿಷ ಬೇಕು. ಕೇಳುವವಳಿಗೆ ಕೂರಲು ಒಂದು ಕುರ್ಚಿ ಬೇಕು, ಮುಚ್ಚಿದ ಬಾಗಿಲು ಬೇಕು. ನಮ್ಮ ಆಸ್ಪತ್ರೆಗಳಲ್ಲಿ ಹುಳಿ ದ್ರಾವಣಕ್ಕಿಂತ ಈ ಮೂರಕ್ಕೇ ಬರಗಾಲ.

ಚಿಗವ್ವ ಕರೆಂಟ್ ಮುಗಿಸಿ ಬಂದ ಮೇಲೆ ಹದಿನಾಲ್ಕು ತಿಂಗಳು ಬದುಕಿದಳು. ತನ್ನನ್ನು ಕುರಿತ ಆ ಪ್ರಶ್ನೆ ಅವಳ ಕಿವಿಗೆ ಬಿದ್ದಿತ್ತು. ಒಮ್ಮೆ ನನ್ನ ಹತ್ತಿರ ಅಂದಳು: “ಯಾರಿಂದ ಬಂದ್ರೇನವ್ವ, ಕುಂತಿದ್ದು ನನ್ನಾಗ.” ಆಮೇಲೆ ಆ ವಿಷಯ ಎತ್ತಲಿಲ್ಲ. ಮೆಣಸಿನಕಾಯಿ ದರ ಕೇಳಿದಳು.

ಅವಳು ಹೋದ ಮರುವರ್ಷ ಅವಳ ಗೆಳತಿಯರಿಗೆಂದೇ ಬ್ಯಾಡಗಿಯಲ್ಲಿ ಒಂದು ತಪಾಸಣಾ ಶಿಬಿರ ಗೊತ್ತಾಯಿತು. ಪ್ರಚಾರದ ಚೀಟಿ ಹಂಚಿದ್ದರು, ಹೆಸರು ಕೊಟ್ಟವರು ಮಾತ್ರ ಯಾರೂ ಇರಲಿಲ್ಲ. ಹೆಂಗಸರಿಗೆ ನಾಚಿಕೆ, ಮೂಢನಂಬಿಕೆ ಎಂದು ಶಿಬಿರದವರು ಬೇಸರಪಟ್ಟುಕೊಂಡರು. ಆಶಾ ಕಾರ್ಯಕರ್ತೆ ತೊಟ್ಟು ಮುರಿಯುವ ಜಾಗಕ್ಕೇ ಹೋಗಿ ಕೂತು ಕೇಳಿದಳು. ಶಿಬಿರ ಇಟ್ಟದ್ದು ಸೋಮವಾರ. ಸೋಮವಾರ, ಗುರುವಾರ ಮಾರುಕಟ್ಟೆ, ಆ ದಿನ ಬಿಟ್ಟರೆ ವಾರದ ಕೂಲಿಯಲ್ಲಿ ದೊಡ್ಡ ಪಾಲು ಹೋಯಿತು. ಅವಳು ಹೋಗಿ ಬುಧವಾರಕ್ಕೆ ಬದಲಾಯಿಸಿಕೊಂಡು ಬಂದಳು. ಇಪ್ಪತ್ತಮೂರು ಮಂದಿ ಬಂದರು. ಒಬ್ಬಳಿಗೆ ಬೆಳ್ಳಗೆ ಕಂಡಿತಂತೆ, ಮೂವತ್ತೆಂಟು ವರ್ಷದವಳು. ಮುಂದಿನ ವಾರ ಹಾವೇರಿಗೆ ಹೋಗಿ ಚಿಕಿತ್ಸೆ ಮಾಡಿಸಿಕೊಂಡು, ಗುರುವಾರದ ಹೊತ್ತಿಗೆ ಕೆಲಸಕ್ಕೆ ಬಂದು ಕೂತಿದ್ದಳು.